ಹನ್ನೊಂದು ಶರ್ಟಿನ ನೀರು

ಅವನನ್ನು ನಾನು ಮೊದಲ ಸಲ ಕಂಡದ್ದು ಅವನು ನನ್ನ ಮನೆಯ ನಲ್ಲಿ ಕತ್ತರಿಸಲು ಬಂದ ದಿನ. ಬೆಳಿಗ್ಗೆ ಒಂಬತ್ತೂಕಾಲು ಗಂಟೆ. ಗಡಿಯಾರ ನೋಡಿ ಹೇಳುತ್ತಿಲ್ಲ. ಆಗ ನಾಲ್ಕನೆಯ ಶರ್ಟಿನ ಐದನೆಯ ಗುಂಡಿ ನನ್ನ ಕೈಯಲ್ಲಿತ್ತು. ದರ್ಜಿ ಅಂಗಡಿಯಿಂದ ದಿನಕ್ಕೆ ಮೂವತ್ತಮೂರು ಶರ್ಟಿನ ಗಂಟು ಬರುತ್ತದೆ. ಕಾಜ ಅಲ್ಲೇ ಮಿಷನ್ನಿನಲ್ಲಿ ಆಗಿರುತ್ತದೆ, ಗುಂಡಿ ಹಾಕುವುದು ನನ್ನ ಪಾಲು. ಶರ್ಟಿಗೆ ಏಳು ಗುಂಡಿ, ಏಳು ಗುಂಡಿಗೆ ಎಂಟು ನಿಮಿಷ. ಯಜಮಾನರು ತೀರಿಹೋದ ವರ್ಷವೇ ಮನೆಯ ಗೋಡೆ ಗಡಿಯಾರವೂ ನಿಂತಿತು. ಅದನ್ನು ರಿಪೇರಿ ಮಾಡಿಸುವ ಅಗತ್ಯ ನನಗೆ ಬೀಳಲಿಲ್ಲ.

ಬಾಗಿಲಲ್ಲಿ ನಿಂತವನ ಒಂದು ಕೈಯಲ್ಲಿ ಮೊಳದುದ್ದದ ಸ್ಪ್ಯಾನರು, ಇನ್ನೊಂದರಲ್ಲಿ ಕಬ್ಬಿಣ ಕುಯ್ಯುವ ಗರಗಸ. ಹೆಗಲಲ್ಲಿ ಬಟ್ಟೆ ಸುತ್ತಿದ ನೀರಿನ ಬಾಟಲಿ. ಬಲಗೈ ಎಡಗೈಗಿಂತ ಒಂದು ಸುತ್ತು ದಪ್ಪ. ಶರ್ಟಿನ ಮೂರನೆಯ ಗುಂಡಿ ಇರಲಿಲ್ಲ. ನಾನು ಮೊದಲು ನೋಡಿದ್ದು ಅದನ್ನೇ.

"ಯಾರಪ್ಪ?" ಅಂದೆ.

"ಹೊಸ ನೀರಗಂಟಿ ಅಕ್ಕಾ. ಮೂರೂರಿಗೂ ಸೇರಿ ನಾನೊಬ್ಬನೇ. ನಿಮ್ಮ ನಲ್ಲಿ ತೆಗೀಬೇಕು ಅಂತ ಆರ್ಡರ್ ಆಗಿದೆ."

"ನನ್ನ ನಲ್ಲಿ ಏನು ತಪ್ಪು ಮಾಡ್ತು?"

"ಅದೇನೂ ತಪ್ಪು ಮಾಡಿಲ್ಲ ಅಕ್ಕಾ. ಹುಟ್ಟಬಾರದ ಜಾಗದಲ್ಲಿ ಹುಟ್ಟಿದೆ, ಅಷ್ಟೇ."

ಅವನು ಹೇಳಿದ್ದು ನಿಜ. ನಮ್ಮ ಕಡೆ ಮೂರು ಸಣ್ಣ ಊರುಗಳು ಒಂದರ ಬೆನ್ನಿಗೆ ಒಂದು ಅಂಟಿಕೊಂಡಿವೆ. ಮೂರಕ್ಕೂ ಬೇರೆ ಬೇರೆ ಪುರಸಭೆ, ಬೇರೆ ಬೇರೆ ಅಧ್ಯಕ್ಷರು, ಬೇರೆ ಬೇರೆ ಜಂಬ. ಒಳ್ಳೆಯ ಒರತೆಯ ಬಾವಿ ಇರುವುದು ಮೇಲಿನೂರಿನಲ್ಲಿ. ಆ ನೀರನ್ನು ಸೋಸುವ ಫಿಲ್ಟರ್ ಮನೆ ನಡುವಿನೂರಿನದು. ಸೋಸಿದ ನೀರನ್ನು ಏರಿಸಿ ಇಡುವ ದಿಬ್ಬ ಕೆಳಗಿನೂರಿನದು. ಒಂದೂರಿನಲ್ಲಿ ಇದ್ದದ್ದು ಇನ್ನೊಂದೂರಿನಲ್ಲಿ ಇಲ್ಲ. ವರ್ಷಾನುಗಟ್ಟಲೆ ಜಗಳವಾಡಿ, ಟ್ಯಾಂಕರಿನ ಹಿಂದೆ ಬಕೆಟ್ಟು ಹಿಡಿದು ಓಡಿ ಓಡಿ ಸುಸ್ತಾದ ಮೇಲೆ ಮೂರೂ ಊರು ಸೇರಿ ಒಂದು ಜಂಟಿ ಸಮಿತಿ ಮಾಡಿಕೊಂಡವು. ನೀರು ಸರಿಸಮ ಮೂರು ಪಾಲು. ಬಿಡುವವನು ಮಾತ್ರ ಮೂರರಲ್ಲಿ ಯಾವ ಊರಿನವನೂ ಆಗಿರಬಾರದು ಎಂದು ಮೂರು ಮೈಲಿ ಆಚೆಯ ಹಳ್ಳಿಯಿಂದ ಇವನನ್ನು ಹುಡುಕಿ ತಂದಿದ್ದರು. ಆ ಹಳ್ಳಿಯಲ್ಲಿ ಇವನು, ಇವನ ಅಕ್ಕ, ಒಂದು ಬೋರ್‌ವೆಲ್ಲು.

ದಿಬ್ಬದ ಟ್ಯಾಂಕಿನಿಂದ ಒಂದು ದಪ್ಪ ಪೈಪು ನನ್ನ ಕಾಂಪೌಂಡಿನ ಪಕ್ಕದಲ್ಲೇ ಇಳಿದು ಬರುತ್ತದೆ. ಹತ್ತು ಹೆಜ್ಜೆ ಆಚೆ ಸಿಮೆಂಟಿನ ತೊಟ್ಟಿ. ಆ ತೊಟ್ಟಿಯೊಳಗೆ ಪೈಪು ಮೂರಾಗಿ ಒಡೆಯುತ್ತದೆ. ಮೂರು ಪೈಪು, ಮೂರು ವಾಲ್ವು, ಮೂರು ಚಕ್ರ. ನನ್ನ ನಲ್ಲಿಯೋ, ಪೈಪು ಒಡೆಯುವುದಕ್ಕೆ ಮುಂಚೆಯೇ ದಪ್ಪ ಪೈಪಿನ ಹೊಟ್ಟೆಯಿಂದ ಬಂದದ್ದು. ಟ್ಯಾಂಕು ಕಟ್ಟಿದ ಮೇಸ್ತ್ರಿಗೆ ಯಜಮಾನರು ಎರಡು ತಿಂಗಳು ಚಹಾ ಕೊಟ್ಟಿದ್ದರು, ಅದರ ಫಲ. ಹಾಗಾಗಿ ನನ್ನ ನೀರು ಯಾವ ಊರಿನ ಪಾಲಿಗೂ ಸೇರುತ್ತಿರಲಿಲ್ಲ.

ಅವನು ನಲ್ಲಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ತುಂಬ ಹೊತ್ತು ಅದನ್ನೇ ನೋಡಿದ.

"ಅಕ್ಕಾ, ನೀವು ಯಾವ ಊರೋರು ಅಂತ ಹೇಳೋದು?"

"ಹುಟ್ಟಿದ್ದು ಮೇಲಿನೂರು. ಕೊಟ್ಟಿದ್ದು ನಡುವಿನೂರಿಗೆ. ಮಗಳನ್ನ ಕೊಟ್ಟಿರೋದು ಕೆಳಗಿನೂರಿಗೆ."

"ಅಯ್ಯೋ, ಒಂದೂರನ್ನಾದ್ರೂ ಬಿಡಬಾರದಿತ್ತಾ?" ಎಂದು ನಕ್ಕ. "ದಿನಕ್ಕೆ ಎಷ್ಟು ಕೊಡ ಹಿಡೀತೀರಿ?"

"ಮೂರು."

"ಮೂರು ಅಂದ್ರೆ ಮೂರೇನಾ, ಇಲ್ಲಾ ಎಲ್ಲಾರೂ ಹೇಳೋ ಮೂರಾ?"

"ನಾನು ದಿನಕ್ಕೆ ಇನ್ನೂರ ಮೂವತ್ತೊಂದು ಗುಂಡಿ ಹಾಕೋಳು. ಮೂರು ಎಣಿಸೋದು ಬರಲ್ವೇನೋ ನಂಗೆ?"

ಅವನು ಗರಗಸವನ್ನು ಸೈಕಲ್ಲಿಗೆ ಸಿಕ್ಕಿಸಿದ. ಟ್ಯಾಂಕಿನ ಬುಡದಲ್ಲಿ ಬಿದ್ದಿದ್ದ ತಗಡಿನ ಡ್ರಮ್ಮೊಂದನ್ನು ಉರುಳಿಸಿಕೊಂಡು ಬಂದು ಮೊಣಕಾಲೆತ್ತರದ ನನ್ನ ನಲ್ಲಿಯ ಮೇಲೆ ಬೋರಲು ಹಾಕಿದ. ಕೈ ಕೊಡವಿಕೊಂಡು ಹೇಳಿದ:

"ನಲ್ಲಿ ನನಗೆ ಕಾಣಿಸ್ಲಿಲ್ಲ. ನಾಲ್ಕನೇ ಕೊಡ ಹಿಡಿದ ದಿನ ಕಾಣಿಸುತ್ತೆ."

ಇಷ್ಟಾದ ಮೇಲೆ ಒಂದು ಲೋಟ ನೀರಾದರೂ ಕೊಡದೆ ಕಳಿಸುವುದು ಹೇಗೆ? ತಂದು ಮುಂದೆ ಹಿಡಿದೆ. ಅವನು ಹೆಗಲ ಬಾಟಲಿಯನ್ನು ತಟ್ಟಿ ತೋರಿಸಿದ. "ಬೇಡಕ್ಕಾ. ಈ ಕೆಲಸದಲ್ಲಿ ಇರೋ ತನಕ ಈ ಮೂರೂರಲ್ಲಿ ಒಂದು ಗುಟುಕೂ ಕುಡಿಯಲ್ಲ ನಾನು. ಒಂದೂರಲ್ಲಿ ಕುಡಿದ್ರೆ ಇನ್ನೆರಡೂರಿಗೆ ಹೊಟ್ಟೆ ಉರಿಯುತ್ತೆ." ಗುಂಡಿಗೆ ಮಾತ್ರ ಬೇಡ ಎನ್ನಲಿಲ್ಲ. ಶರ್ಟು ಮೈಮೇಲಿದ್ದ ಹಾಗೆಯೇ ನಾನು ಗುಂಡಿ ಹಾಕಿ, ದಾರ ಹಲ್ಲಿನಲ್ಲಿ ಕಡಿಯುವವರೆಗೂ ಅವನು ಉಸಿರು ಹಿಡಿದು ಕಂಬದ ಹಾಗೆ ನಿಂತಿದ್ದ.

ಚಕ್ರ ತಿರುಗಿಸುವವನು ಎಂದು ಜನ ಅವನನ್ನು ಚಕ್ರಪ್ಪ ಎಂದು ಕರೆಯತೊಡಗಿದರು. ಅವನ ನಿಜವಾದ ಹೆಸರು ಗೊತ್ತಿದ್ದದ್ದು ಪಗಾರದ ಗುಮಾಸ್ತನಿಗೆ ಒಬ್ಬನಿಗೇ ಇರಬೇಕು.

ಮೊದಲ ವರ್ಷ ಅವನ ಪಾಡು ನಾಯಿಪಾಡು. ಸರಿಸಮ ಪಾಲು ಎಂದು ಕಾಗದದಲ್ಲಿ ಬರೆದುಕೊಂಡಿದ್ದರೇನೋ ಸರಿ, ನಂಬುವವರು ಯಾರು? ಮೂರು ಊರಿನಿಂದಲೂ ಒಬ್ಬೊಬ್ಬ ಕಾವಲಿನವ ಬಂದು ತೊಟ್ಟಿಯ ಸುತ್ತ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಮೂವರ ಕೈಯಲ್ಲೂ ವಾಚು. ಒಬ್ಬನದು ನಾಲ್ಕು ನಿಮಿಷ ಮುಂದೆ, ಇನ್ನೊಬ್ಬನದು ಮೂರು ನಿಮಿಷ ಹಿಂದೆ, ಮತ್ತೊಬ್ಬನದು ಅವನ ಮನಸ್ಸು ಬಂದ ಹಾಗೆ. ಚಕ್ರಪ್ಪ ಒಂದು ಚಕ್ರ ಬಿಗಿ ಮಾಡಿ ಇನ್ನೊಂದನ್ನು ಸಡಿಲಿಸುವ ಹೊತ್ತಿಗೆ ದಿನಾ ಕೂಗಾಟ.

"ನಮ್ದು ಇನ್ನೂ ನಾಲ್ಕು ನಿಮಿಷ ಇತ್ತು!"

"ನಿಂದು ಆಗಲೇ ಏಳು ನಿಮಿಷ ಜಾಸ್ತಿ ಆಯ್ತು ಕಣಯ್ಯಾ, ಯಾರಿಗೆ ಹೇಳ್ತೀಯ?"

"ಎಲ್ಲಾರಿಗೂ ಒಂದೇ ಸಮ ಬಿಡ್ತಾ ಇದೀನಿ ಸ್ವಾಮಿ," ಎಂದು ಚಕ್ರಪ್ಪ ಕೈ ಮುಗಿದರೆ ಮೂವರೂ ಒಟ್ಟಿಗೆ ಅವನ ಮೇಲೆ ಬೀಳುವರು. ಮೂರೂರು ಒಂದಾಗುತ್ತಿದ್ದದ್ದು ಆಗ ಮಾತ್ರ.

ನಾನು ಕಿಟಕಿಯಲ್ಲಿ ಕೂತು ಗುಂಡಿ ಹಾಕುತ್ತ ಎಲ್ಲ ನೋಡುತ್ತಿದ್ದೆ. ಮೊದಲ ಚಕ್ರ ತಿರುಗಿದಾಗ ಮೊದಲ ಶರ್ಟು ಹಿಡಿಯುವುದು ನನಗೆ ಹಾಗೇ ಅಭ್ಯಾಸವಾಯಿತು. ಅವನು ಪ್ರತಿ ಚಕ್ರವನ್ನೂ ಗಟ್ಟಿಯಾಗಿ ಎಣಿಸುತ್ತ ಇಪ್ಪತ್ತೆರಡು ಸುತ್ತು ತಿರುಗಿಸುತ್ತಿದ್ದ. ಮೇಲಿನೂರಿಗೆ ಹನ್ನೊಂದು ಶರ್ಟು. ನಡುವಿನೂರಿಗೆ ಹನ್ನೊಂದು ಶರ್ಟು. ಕೆಳಗಿನೂರಿಗೆ ಹನ್ನೊಂದು ಶರ್ಟು. ಕೊನೆಯ ಚಕ್ರ ಮುಚ್ಚುವಾಗ ನನ್ನ ಗಂಟೂ ಮುಗಿದಿರುತ್ತಿತ್ತು. ಅವನ ಕೈಗೆ ವಾಚಿರಲಿಲ್ಲ. ಪೈಪಿಗೆ ಕಿವಿ ಇಟ್ಟು, ಟ್ಯಾಂಕಿನ ನೀರು ಇಳಿಯುವ ಸದ್ದಿನಲ್ಲೇ ಹೊತ್ತು ತಿಳಿಯುತ್ತಿದ್ದ. ಒಂದು ಸಲ ಕಿವಿ ಎತ್ತಿ, "ಕೆಳಗಿನೂರಲ್ಲಿ ಯಾರೋ ನಲ್ಲಿ ತೆಗೆದಿಟ್ಟು ಪಕ್ಕದ ಮನೇಲಿ ಹರಟೆ ಹೊಡೀತಾ ಕೂತಿದಾರೆ" ಎಂದ. ಸಂಜೆ ಮಗಳು ಬಂದಾಗ ವಿಚಾರಿಸಿದೆ. ಆ ಯಾರೋ ಅವಳೇ.

ವರ್ಷ ತುಂಬುವ ಹೊತ್ತಿಗೆ ಚಕ್ರಪ್ಪ ಅರ್ಧವಾಗಿದ್ದ. ಶರ್ಟಿನ ಗುಂಡಿ ಕಿತ್ತು ಹೋಗುವುದಿರಲಿ, ಶರ್ಟೇ ಮೈಮೇಲೆ ನೇತಾಡುತ್ತಿತ್ತು. ಆಗ ಒಂದು ದಿನ ಮೇಲಿನೂರಿನ ಅಧ್ಯಕ್ಷರು ತೊಟ್ಟಿಯ ಹತ್ತಿರ ಬಂದು ಅವನನ್ನು ಬೈಯುತ್ತಿದ್ದಾಗ ಅವನು ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ ಹೇಳಿದ್ದು ನನ್ನ ಕಿಟಕಿಗೆ ಕೇಳಿಸಿತು:

"ಸಾರ್, ಯಾರಿಗೂ ಹೇಳ್ಬೇಡಿ. ನಿಮ್ಮೂರಿಗೆ ಒಂಚೂರು ಜಾಸ್ತಿ ಬಿಡ್ತಾ ಇದೀನಿ. ನಿಮ್ಮ ಕಾವಲಿನವನೇ ಕೂಗಾಡಿ ಅದನ್ನ ಕೆಡಿಸ್ತಾನೆ ನೋಡಿ."

ಅಧ್ಯಕ್ಷರು ಬೈಗುಳವನ್ನು ಅರ್ಧಕ್ಕೇ ನುಂಗಿದರು. ಮಾರನೆಯ ದಿನ ಮೇಲಿನೂರಿನ ಸ್ಟೂಲು ಖಾಲಿ.

ಛೆ, ಇವನೂ ಹೀಗೇನಾ ಎಂದು ನನಗೆ ಬೇಜಾರಾಯಿತು. ಅವತ್ತಿನಿಂದ ಇನ್ನೂ ಹುಷಾರಾಗಿ ಎಣಿಸಿದೆ. ಮೇಲಿನೂರಿಗೆ ಹನ್ನೊಂದೇ ಶರ್ಟು, ಒಂದು ಗುಂಡಿ ಹೆಚ್ಚಿಲ್ಲ. ಮುಂದಿನ ವಾರ ನಡುವಿನೂರಿನ ಅಧ್ಯಕ್ಷರು ಬಂದರು. "ಸಾರ್, ಯಾರಿಗೂ ಹೇಳ್ಬೇಡಿ, ನಿಮ್ಮೂರಿಗೆ ಒಂಚೂರು ಜಾಸ್ತಿ..." ಅದರ ಮುಂದಿನ ವಾರ ಕೆಳಗಿನೂರಿನವರು. "ಸಾರ್, ಯಾರಿಗೂ ಹೇಳ್ಬೇಡಿ..." ಮೂರನೆಯ ಸಲ ಕೇಳಿದಾಗ ನಗು ತಡೆಯಲಾಗದೆ ಸೂಜಿ ಬೆರಳಿಗೆ ಚುಚ್ಚಿಕೊಂಡೆ.

ಮೂರೂ ಸ್ಟೂಲು ಖಾಲಿಯಾದವು. ಜಗಳ ನಿಂತಿತು. ಅದೇ ನೀರು, ಅದೇ ಹನ್ನೊಂದು ಶರ್ಟು. ಇದ್ದಕ್ಕಿದ್ದ ಹಾಗೆ ಮೂರೂರಿಗೂ ಸಾಕಾಗತೊಡಗಿತು. ಚುನಾವಣೆ ಬಂದು ಅಧ್ಯಕ್ಷರು ಬದಲಾದಾಗ ಹಳಬರು ಹೊಸಬರಿಗೆ ಕುರ್ಚಿ, ಸೀಲು, ಬೀರುವಿನ ಕೀಲಿಯ ಜೊತೆಗೆ ಈ ಗುಟ್ಟನ್ನೂ ಕಿವಿಯಲ್ಲಿ ಊದಿ ಹೋಗುತ್ತಿದ್ದರು. ಹೊಸಬರು ದಾರಿಯಲ್ಲಿ ಚಕ್ರಪ್ಪನನ್ನು ಕಂಡರೆ ಸುಮ್ಮನೆ ಒಂದು ನಗು ನಗುವರು. ಅವನೂ ನಗುವನು.

ನಾನು ಬಾಯಿ ಬಿಡಲಿಲ್ಲ. ಹೇಗೆ ಬಿಡಲಿ? ಮೂರೂರಿಗೂ ಸಿಗದ ಜಾಸ್ತಿ ನೀರು ಡ್ರಮ್ಮಿನಡಿ ನನಗೆ ಸಿಗುತ್ತಿತ್ತಲ್ಲ. ದಿನಕ್ಕೆ ಮೂರು ಕೊಡ. ನಾಲ್ಕನೆಯದನ್ನು ನಾನು ಹಿಡಿಯಲೇ ಇಲ್ಲ. ಮಗಳು ಬಾಣಂತನಕ್ಕೆ ಬಂದಾಗ ಅಳಿಯ ಅವರ ಊರಿನಿಂದ ಕ್ಯಾನಿನಲ್ಲಿ ನೀರು ಹೊತ್ತು ತರುತ್ತಿದ್ದ. "ಅತ್ತೆ, ಟ್ಯಾಂಕಿನ ಕೆಳಗೇ ಇದೀರಿ, ಇದೇನು ನಿಮ್ಮ ವ್ರತ?" ಎಂದು ಅವನಿಗೆ ಅಚ್ಚರಿ. ಒಂದೇ ಒಂದು ಸಲ, ಮನೆ ತುಂಬ ನೆಂಟರಿದ್ದಾಗ, ನಾಲ್ಕನೆಯ ಕೊಡ ಕಂಕುಳಲ್ಲಿ ಇಟ್ಟುಕೊಂಡು ಡ್ರಮ್ಮು ಎತ್ತಿದೆ. ಹತ್ತು ಹೆಜ್ಜೆ ಆಚೆ ಚಕ್ರಪ್ಪ ಆಕಾಶ ನೋಡುತ್ತ ಸಿಳ್ಳೆ ಹಾಕತೊಡಗಿದ. ಡ್ರಮ್ಮು ಇಳಿಸಿ ಒಳಗೆ ಹೋದೆ. ನೆಂಟರು ಅವತ್ತು ಸ್ನಾನ ಮಾಡದೆ ಊರಿಗೆ ಹೋದರು.

ಹೀಗೆ ಹದಿಮೂರು ವರ್ಷ.

ಹದಿನಾಲ್ಕನೆಯ ವರ್ಷ ಮೀಟರ್ ಸಾಹೇಬ ಬಂದ. ಎಂಜಿನಿಯರು, ತಲೆಗೆ ಹಳದಿ ಟೋಪಿ. ಟ್ಯಾಂಕಿನ ಬಾಯಿಗೆ ಒಂದು ದೊಡ್ಡ ಮೀಟರು, ಮೂರು ಪೈಪಿಗೆ ಮೂರು ಸಣ್ಣ ಮೀಟರು ಕೂರಿಸಿದ. ಒಂದು ತಿಂಗಳು ಓದಿಕೊಂಡು, ಆಮೇಲೆ ಜಂಟಿ ಸಮಿತಿಯ ಸಭೆ ಕರೆಸಿದ. ಯಾವ ಊರಿನಲ್ಲಿ ಸಭೆ ಕರೆದರೂ ಇನ್ನಿಬ್ಬರು ಬರುವುದಿಲ್ಲವಾದ್ದರಿಂದ ಸಭೆ ಯಾವಾಗಲೂ ಮೂರೂರಿನ ಗಡಿ ಕೂಡುವ ನಮ್ಮ ಟ್ಯಾಂಕಿನ ಬುಡದಲ್ಲೇ ನಡೆಯುವುದು. ಕರೆಂಟಿನ ಕೇಬಲ್ಲು ಸುತ್ತಿ ಬರುವ ಮರದ ಗಾಲಿಯೊಂದನ್ನು ಮಲಗಿಸಿ ಮೇಜು ಮಾಡಿದ್ದರು. ಅದು ದುಂಡಗೆ, ತಲೆಯ ಕಡೆ ಯಾರು ಕೂರಬೇಕು ಎನ್ನುವ ಜಗಳ ಬರುವುದಿಲ್ಲ. ಕುರ್ಚಿ ಸಾಲದೆ ಮೀಟರ್ ಸಾಹೇಬ ಹಿಂದೆ ಮುಂದೆ ನೋಡಿ, ನನ್ನ ಗೇಟಿನ ಹತ್ತಿರ ಬಂದು, ಬೋರಲು ಹಾಕಿದ್ದ ಡ್ರಮ್ಮಿನ ಮೇಲೆ ಆರಾಮಾಗಿ ಕೂತ.

ಕಿಟಕಿಯೊಳಗೆ ನನ್ನ ಕೈ ನಿಂತೇ ಹೋಯಿತು. ಚಕ್ರಪ್ಪ ತೊಟ್ಟಿಯ ಪಕ್ಕ ನಿಂತು ಆಕಾಶ ನೋಡುತ್ತಿದ್ದ. ಸಿಳ್ಳೆ ಮಾತ್ರ ಹಾಕಲಿಲ್ಲ.

ಆಗಿನ ಅಧ್ಯಕ್ಷರು ಮೂವರು. ಮೇಲಿನೂರಿನವರದು ಸಿಮೆಂಟಿನ ಅಂಗಡಿ. ನಡುವಿನೂರಿನವರದು ಔಷಧಿ ಅಂಗಡಿ. ಜನ ಅವರನ್ನು ಮಾತ್ರೆ ಅಧ್ಯಕ್ಷರು ಎನ್ನುತ್ತಿದ್ದರು. ಕೆಳಗಿನೂರಿಗೆ ಟೀಚರಮ್ಮ, ಶಾಲೆಯಿಂದ ರಿಟೈರಾದವರು. ಮಾತಾಡುವಾಗ ಈಗಲೂ ಎದುರಿನವರ ಉಗುರು ನೋಡುವರು.

ಮೀಟರ್ ಸಾಹೇಬ ಕಾಗದ ಬಿಚ್ಚಿದ. "ಇಂಥಾದ್ದನ್ನ ನಾನು ಎಲ್ಲೂ ನೋಡಿಲ್ಲ. ಮೂರೂ ಮೀಟರು ಒಂದೇ ಸಮ ಓದ್ತಾ ಇವೆ. ಕೂದಲೆಳೆ ವ್ಯತ್ಯಾಸ ಇಲ್ಲ."

ಬೇರೆ ಕಡೆಯಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಇಲ್ಲಿ ಸಿಮೆಂಟಿನವರು ಚಕ್ರಪ್ಪನನ್ನು ಕೆಕ್ಕರಿಸಿ ನೋಡಿದರು. ಮಾತ್ರೆಯವರೂ ನೋಡಿದರು. ನನ್ನ ಜಾಸ್ತಿ ಎಲ್ಲಿ ಹೋಯಿತು ಎಂದು ಇಬ್ಬರಿಗೂ ಕೇಳಬೇಕು. ಉಳಿದಿಬ್ಬರ ಎದುರು ಕೇಳುವುದಾದರೂ ಹೇಗೆ?

ಟೀಚರಮ್ಮ ಎದ್ದು ನಿಂತರು. "ನಾನೊಂದು ಮಾತು ಹೇಳ್ಬೇಕು. ನಮ್ಮೂರಿಗೆ ಇಷ್ಟು ವರ್ಷ ಒಂಚೂರು ಜಾಸ್ತಿ ನೀರು ಬರ್ತಿತ್ತು. ಕುರ್ಚಿ ಮೇಲೆ ಕೂತ ದಿನಾನೇ ನಂಗೆ ಗೊತ್ತಾಯ್ತು. ಹೇಳದೆ ಮುಚ್ಚಿಟ್ಟೆ. ತಪ್ಪಾಯ್ತು."

"ನಿಮ್ಮೂರಿಗಾ?" ಸಿಮೆಂಟಿನವರು ಹಾರಿ ಬಿದ್ದರು. "ಜಾಸ್ತಿ ಬರ್ತಿದ್ದದ್ದು ನಮ್ಮೂರಿಗೆ ಕಣಮ್ಮಾ!"

"ಏನ್ರೀ ಇದು? ನಮ್ಮೂರಿಗೆ ಅಂತ ನನ್ನ ಹತ್ರ..." ಎಂದು ಮಾತ್ರೆಯವರೂ ಬಾಯಿ ಬಿಟ್ಟು, ಕೂಡಲೇ ಮುಚ್ಚಿಕೊಂಡರು. ತಡವಾಗಿತ್ತು.

ಆಮೇಲೆ ಎದ್ದ ಗದ್ದಲವನ್ನು ಏನು ಹೇಳಲಿ! "ಮೋಸಗಾರ!" "ಮೂರೂರಿಗೂ ಟೋಪಿ ಹಾಕಿದಾನೆ!" "ಹೇಳೋ, ನಿಜವಾಗಿ ಯಾರಿಗೆ ಜಾಸ್ತಿ ಬಿಟ್ಟೆ?" ಚಕ್ರಪ್ಪ, "ಯಾರಿಗೂ ಇಲ್ಲ, ಎಲ್ಲಾರಿಗೂ ಸಮ" ಎಂದ. ಆ ಒಂದು ಮಾತನ್ನು ಮಾತ್ರ ಅವರು ನಂಬಲು ತಯಾರಿರಲಿಲ್ಲ. ಮೀಟರು ಬಂದ ಮೇಲೆ ಸಮ ಮಾಡಿದ್ದಾನೆ, ಮುಂಚೆ ಯಾರಿಗೋ ಹರಿಸಿದ್ದಾನೆ ಎಂದು ಮೂವರದೂ ಒಂದೇ ಹಟ. ಸಿಮೆಂಟಿನವರು ಮೇಜು ಗುದ್ದಿದರು: "ಚಕ್ರದ ಬೀಗದ ಕೀಲಿ ಕೈ ಇಲ್ಲಿಡು. ನಾಳೆಯಿಂದ ಮೂರು ಚಕ್ರಕ್ಕೆ ಮೂರು ಜನ. ಇಲ್ಲಾ, ಈ ಜಂಟಿ ಗಿಂಟಿ ಏನೂ ಬೇಡ. ನಮ್ಮ ಬಾವಿ ನಮಗೆ!"

"ನಮ್ಮ ಫಿಲ್ಟರು ನಮಗೆ!"

"ದಿಬ್ಬ ನಮ್ಮದು. ನಿಮ್ಮ ನೀರನ್ನ ತಲೆ ಮೇಲೆ ಹೊತ್ಕೊಂಡು ನಿಂತಿರಿ," ಎಂದರು ಟೀಚರಮ್ಮ.

ಚಕ್ರಪ್ಪ ಕೀಲಿ ಕೈಯನ್ನು ಮೇಜಿನ ಮೇಲೆ ಇಡಲಿಲ್ಲ. ಬಲಗೈಯಲ್ಲಿ ಅದನ್ನು ಅದುಮಿ ಹಿಡಿದು ನಿಂತಿದ್ದ. ಮೂರನೆಯ ಗುಂಡಿ ಮತ್ತೆ ಕಿತ್ತು ಹೋಗಿತ್ತು. ಅಂಥ ಮನುಷ್ಯ ಅವತ್ತು ಬನಿಯನ್ನು ಕಾಣುವ ಶರ್ಟಿನಲ್ಲಿ ಮೂವರ ಮುಂದೆ ನಿಂತದ್ದನ್ನು ನೋಡಲಾಗದೆ ನಾನು ಕಿಟಕಿಯಿಂದಲೇ ಕೂಗಿದೆ:

"ಹನ್ನೊಂದು ಶರ್ಟು!"

ಎಲ್ಲರೂ ತಿರುಗಿದರು. "ಏನಮ್ಮಾ ಅದು?" ಎಂದ ಮೀಟರ್ ಸಾಹೇಬ.

ಹೊರಗೆ ಬಂದು ಹೇಳಿದೆ. ನನ್ನ ಮೂವತ್ತಮೂರು ಶರ್ಟಿನ ಗಂಟು, ಎಂಟು ನಿಮಿಷದ ಲೆಕ್ಕ, ಇಪ್ಪತ್ತೆರಡು ಸುತ್ತು, ಊರಿಗೆ ಹನ್ನೊಂದು ಶರ್ಟು, ಹದಿನಾಲ್ಕು ವರ್ಷ. "ಬೇಕಾದ್ರೆ ದರ್ಜೀನ ಕೇಳಿ. ಕೊನೇ ಚಕ್ರ ಮುಚ್ಚಿದ ಮೇಲೆ ನನ್ನ ಹತ್ರ ಒಂದು ಶರ್ಟು ಬಾಕಿ ಉಳಿದಿದ್ದಿಲ್ಲ, ಒಂದು ಶರ್ಟು ಮುಂಚೆ ಮುಗಿದಿದ್ದಿಲ್ಲ."

ಸಿಮೆಂಟಿನವರು ಬಿಡುತ್ತಾರೆಯೇ? "ನಮ್ಮೂರಿನ ಪಾಳೀಲಿ ಬೇಕಂತಲೇ ಕೈ ಚುರುಕು ಮಾಡಿರಬಹುದಲ್ಲ?"

"ನಿಮ್ಮೂರಿನ ಮಗಳು ನಾನು. ನಾನ್ಯಾಕೆ ಹಾಗೆ ಮಾಡ್ಲಿ?"

"ಹಾಗಾದ್ರೆ ನಮ್ಮೂರಿನ ಪಾಳೀಲಿ ಮಾಡಿರ್ತಾಳೆ," ಎಂದರು ಮಾತ್ರೆಯವರು.

"ನಿಮ್ಮೂರಿನ ಸೊಸೆ."

ಟೀಚರಮ್ಮ ಬಾಯಿ ತೆಗೆಯುವ ಮೊದಲೇ ಹೇಳಿದೆ: "ನಿಮ್ಮೂರಿಗೆ ಬೀಗಿತಿ. ಬೀಗರ ಮನೆ ನೀರಿಗೆ ಕೈ ಹಾಕಿದ್ರೆ ನನ್ನ ಮಗಳು ಬಾಳ್ವೆ ಮಾಡಬೇಡ್ವಾ?"

ಮೀಟರ್ ಸಾಹೇಬ ಡ್ರಮ್ಮು ಬಡಿದು ನಕ್ಕ. ನಲ್ಲಿ ಮುಚ್ಚಿದ್ದ ತಗಡು ಢಣ್ ಅಂದಿತು.

"ಹಾಗಿದ್ರೆ ಯಾಕಯ್ಯಾ ಸುಳ್ಳು ಹೇಳಿದೆ?" ಎಂದು ಮಾತ್ರೆಯವರು ಚಕ್ರಪ್ಪನನ್ನು ಕೇಳಿದರು. ದನಿಯಲ್ಲಿ ಕೋಪಕ್ಕಿಂತ ದುಃಖವೇ ಹೆಚ್ಚು; ಕೈಗೆ ಬಂದಿದ್ದ ಜಾಸ್ತಿ ನೀರು ಕಣ್ಣೆದುರೇ ಇಂಗಿ ಹೋಗಿತ್ತಲ್ಲ.

"ಒಂದು ವರ್ಷ ನಿಜಾನೇ ಹೇಳಿದೆ ಸಾರ್. ದಿನಾ ಬೈಸ್ಕೊಂಡೆ. ಸಮ ಅಂದ್ರೆ ಯಾರಿಗೂ ಸಾಕಾಗಲ್ಲ. ಜಾಸ್ತಿ ಅಂದ್ರೆ ಅದೇ ನೀರು ಸಾಕಾಗುತ್ತೆ. ನೀರೇನೋ ನನ್ನ ಹತ್ರ ಇದ್ದಷ್ಟೇ ಇತ್ತು. ಅದಕ್ಕೇ ಮಾತನ್ನ ಜಾಸ್ತಿ ಬಿಟ್ಟೆ."

ಇನ್ನೇನು ಎಲ್ಲ ತಣ್ಣಗಾಯಿತು ಅನ್ನುವಾಗ ಮೀಟರ್ ಸಾಹೇಬ ಕಾಗದದ ಹಿಂಬದಿ ತಿರುಗಿಸಿದ.

"ಇನ್ನೊಂದು ಸಣ್ಣ ವಿಷಯ ಇದೆ. ಟ್ಯಾಂಕಿನ ಮೀಟರಿಗೂ ಈ ಮೂರು ಮೀಟರು ಕೂಡಿಸಿದ್ದಕ್ಕೂ ತಾಳೆ ಬೀಳ್ತಿಲ್ಲ. ದಿನಕ್ಕೆ ಅರವತ್ತು ಲೀಟರು ಕಮ್ಮಿ. ಮಧ್ಯದಲ್ಲಿ ಎಲ್ಲೋ ಹೋಗ್ತಾ ಇದೆ."

ಅರವತ್ತು ಲೀಟರು. ಇಪ್ಪತ್ತು ಲೀಟರಿನ ಮೂರು ಕೊಡ.

ಸಿಮೆಂಟಿನವರು ಮತ್ತೆ ಚಿಗುರಿದರು. "ನೋಡಿದ್ರಾ! ನಾನು ಹೇಳ್ಲಿಲ್ವಾ? ಎಲ್ಲಿ ಹೋಯ್ತೋ ಅದು?"

"ಸೋರಿಕೆ ಇರಬೇಕು ಸಾರ್. ದಪ್ಪ ಪೈಪಿಂದು," ಎಂದ ಚಕ್ರಪ್ಪ.

"ಎಲ್ಲಿ ಸೋರ್ತಿದೆ?"

"ಅದು ನನಗೆ ಕಾಣಿಸಿಲ್ಲ ಸಾರ್."

ಅವನ ಮುಖ ನೋಡಿದೆ. ಬೆವರು ಕಿವಿಯ ಹಿಂದೆ ಇಳಿಯುತ್ತಿತ್ತು. ಪೈಪಿಗೆ ಕಿವಿ ಕೊಟ್ಟೇ ಎರಡು ಫರ್ಲಾಂಗಿನ ಸೋರಿಕೆ ಹಿಡಿಯುವವನು, ಹತ್ತು ಹೆಜ್ಜೆಯ ಸೋರಿಕೆ ಕಾಣಿಸಿಲ್ಲ ಎಂದು ಹೇಳಿ ನನಗಾಗಿ ತನ್ನ ಕೀಲಿ ಕೈಯನ್ನೇ ಪಣಕ್ಕಿಟ್ಟಿದ್ದ. ಇದನ್ನು ನೋಡಿಕೊಂಡು ಸುಮ್ಮನಿರುವಷ್ಟು ಕೆಟ್ಟವಳಲ್ಲ ನಾನು. ಒಂದು ಹೆಜ್ಜೆ ಮುಂದೆ ಬಂದೆ.

"ಆ ಅರವತ್ತು ಲೀಟರು..." ಎಂದು ಬಾಯಿ ತೆಗೆದೆ.

ಆಗಲೇ ಟೀಚರಮ್ಮ ತಮ್ಮ ಚಪ್ಪಲಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡದ್ದು. ಡ್ರಮ್ಮಿನ ಅಂಚಿನಿಂದ ಒಂದು ತೆಳ್ಳನೆಯ ಒದ್ದೆ ಗೆರೆ ನೆಲದ ಮೇಲೆ ಹರಿದು ಅವರ ಚಪ್ಪಲಿಯ ತನಕ ಬಂದಿತ್ತು. ಬೆಳಿಗ್ಗೆ ಗಡಿಬಿಡಿಯಲ್ಲಿ ನಲ್ಲಿ ಸರಿಯಾಗಿ ತಿರುಗಿಸಿರಲಿಲ್ಲ ನಾನು. ಅವರು ಗೆರೆ ನೋಡಿದರು, ಡ್ರಮ್ಮು ನೋಡಿದರು, ಬಾಗಿಲೊಳಗೆ ಸಾಲಾಗಿ ಇಟ್ಟಿದ್ದ ಮೂರು ಕೊಡ ನೋಡಿದರು. ಆಮೇಲೆ ನನ್ನನ್ನು ನೋಡಿ ಗದರಿದರು:

"ನಿಮ್ಮನ್ನ ಕೇಳಿದ್ದು ಶರ್ಟಿನ ವಿಷಯ ಮಾತ್ರ. ಕೇಳಿದ್ದಕ್ಕೆ ಉತ್ತರ ಹೇಳಿ ಆಯ್ತಲ್ಲ? ಕೂತ್ಕೊಳ್ಳಿ."

ಶಾಲೆಯಲ್ಲಿ ನಾನು ಕಲಿತದ್ದು ಮೂರನೆಯ ಕ್ಲಾಸಿನ ತನಕ. ಆದರೂ ಟೀಚರು ಕೂತ್ಕೊಳ್ಳಿ ಎಂದರೆ ಕೂರಬೇಕು ಎನ್ನುವುದನ್ನು ಮರೆತಿರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತೆ.

"ಸಾಹೇಬ್ರೇ," ಎಂದು ಅವರು ಎಂಜಿನಿಯರಿನ ಕಡೆ ತಿರುಗಿದರು, "ಬೇರೆ ಊರಲ್ಲೆಲ್ಲ ಸೋರಿಕೆ ಎಷ್ಟಿರುತ್ತೆ?"

"ಅಯ್ಯೋ, ಕಾಲು ಭಾಗ ಮಣ್ಣುಪಾಲು ಆಗೋ ಊರಿದೆ ಮೇಡಂ. ಅರವತ್ತು ಲೀಟರು ಲೆಕ್ಕಕ್ಕೇ ಇಲ್ಲ."

"ಆದ್ರೂ ಲೆಕ್ಕ ಲೆಕ್ಕವೇ. ಮೂರೂರೂ ಸಮನಾಗಿ ಹೊರೋಣ. ಊರಿಗೊಂದು ಕೊಡ ಸೋರಿಕೆ ಅಂತ ಠರಾವು ಬರ್ಕೊಳ್ಳಿ."

ಸಮನಾಗಿ ಎಂದ ಕೂಡಲೇ ಉಳಿದಿಬ್ಬರೂ ಒಪ್ಪಿದರು. ತಮ್ಮೂರಿಗೆ ಎರಡು ಕೊಡ ಬೀಳದಿದ್ದರೆ ಸಾಕಾಗಿತ್ತು ಅವರಿಗೆ. ಒಂದು ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ ಸಭೆಯಲ್ಲಿ ಎದ್ದು ನಿಂತಿದ್ದ ಹೆಂಗಸು, ಕೂರುವ ಹೊತ್ತಿಗೆ ಇನ್ನೊಂದು ಗುಟ್ಟನ್ನು ಸೆರಗಿಗೆ ಕಟ್ಟಿಕೊಂಡಿದ್ದರು. ಹಾಗೆ ನನ್ನ ಮೂರು ಕೊಡ ನೀರು ಸರಕಾರಿ ಕಾಗದಕ್ಕೆ ಏರಿತು. ತವರಿನಿಂದ ಒಂದು, ಗಂಡನ ಊರಿನಿಂದ ಒಂದು, ಬೀಗರಿಂದ ಒಂದು.

ಕೀಲಿ ಕೈ ಚಕ್ರಪ್ಪನ ಹತ್ತಿರವೇ ಉಳಿಯಿತು. ಆದರೆ ಮೂವರು ಅಧ್ಯಕ್ಷರಿಗೆ ಮುಖಭಂಗವಾಗಿತ್ತಲ್ಲ, ಅದಕ್ಕೊಂದು ಶಿಕ್ಷೆ ಬೇಡವೇ? ಇನ್ನು ಮುಂದೆ ನೀರು ಎಷ್ಟು ಬಿಟ್ಟೆ ಎನ್ನುವ ಬಗ್ಗೆ ನೀರಗಂಟಿ ಯಾರ ಹತ್ತಿರವೂ ಒಂದು ಮಾತೂ ಆಡಕೂಡದು, ಏನಿದ್ದರೂ ಮೀಟರು ಹೇಳುತ್ತದೆ ಎಂದು ಇನ್ನೊಂದು ಠರಾವು ಮಾಡಿದರು.

ಒಂದು ತಿಂಗಳು ಮೀಟರು ಹೇಳಿತು. ಎರಡನೆಯ ತಿಂಗಳು ಮೇಲಿನೂರಿನವರಿಗೆ ನಡುವಿನೂರಿನ ಮೀಟರಿನ ಮೇಲೆ ಅನುಮಾನ ಬಂತು. ನಡುವಿನೂರಿನವರು ಸ್ಟೂಲು ಹೊರತೆಗೆದರು. ಮೂರನೆಯ ತಿಂಗಳು ಸಿಮೆಂಟಿನವರು ಒಬ್ಬರೇ ತೊಟ್ಟಿಯ ಹತ್ತಿರ ಬಂದು, ಕೆಮ್ಮಿ, ಹೇಳಿದರು:

"ಚಕ್ರಪ್ಪಾ, ಆದದ್ದಾಯ್ತು. ಈಗಲಾದ್ರೂ ನಮ್ಮೂರಿಗೆ ನಿಜವಾಗಿ ಒಂಚೂರು..."

ಚಕ್ರಪ್ಪನಿಗೆ ಠರಾವು ನೆನಪಿತ್ತು. ಬಾಯಿ ಬಿಡಲಿಲ್ಲ. ಒಂದು ಕಣ್ಣು ಮುಚ್ಚಿ ತೆಗೆದ. ಅಷ್ಟೇ. ಸಿಮೆಂಟಿನವರ ಮುಖ ಅರಳಿತು. ಮೀಟರಿಗೆ ಗೊತ್ತಾಗದ ಹಾಗೆ ಹೇಗೆ ಬಿಡುತ್ತೀ ಎಂದು ಕೂಡ ಕೇಳದೆ ಹೋದರು. ಮುಂದಿನ ವಾರ ಮಾತ್ರೆಯವರು ಬಂದರು. ಮತ್ತೊಮ್ಮೆ ಕಣ್ಣು. ನಾನು ಹನ್ನೊಂದು ಶರ್ಟು ಎಣಿಸಿದೆ. ಟೀಚರಮ್ಮ ಮಾತ್ರ ಕೇಳಲು ಬರಲಿಲ್ಲ. ಒಮ್ಮೆ ನಡೆದು ಹೋಗುವಾಗ ಡ್ರಮ್ಮಿನ ಪಕ್ಕ ನಿಂತು, "ನಲ್ಲಿ ಬಿಗಿಯಾಗಿ ತಿರುಗಿಸಿ" ಎಂದು ಯಾರಿಗೋ ಹೇಳುವ ಹಾಗೆ ಹೇಳಿ ಹೋದರು.

ಚಕ್ರಪ್ಪ ಆಮೇಲೆ ಐದು ವರ್ಷ ನೀರು ಬಿಟ್ಟ. ಒಟ್ಟು ಹತ್ತೊಂಬತ್ತು ವರ್ಷ. ಮೂರನೆಯ ಗುಂಡಿಯನ್ನು ನಾನು ಹಾಕಿದ್ದು ನಲವತ್ತೇಳು ಸಲ. ಆ ಬಾಟಲಿಗೆ ಸುತ್ತಿದ ಬಟ್ಟೆ ಹರಿದು ಹೋಗಿ ಎರಡು ಸಲ ಹೊಸದು ಹೊಲಿದು ಕೊಟ್ಟೆ. ಸುಡುವ ಬಿಸಿಲಿನಲ್ಲಿ ಬಾಟಲಿ ಖಾಲಿಯಾಗಿ ತುಟಿ ಒಡೆದಿರುವಾಗಲೂ ಲೋಟ ಹಿಡಿದರೆ ತಲೆ ಅಲ್ಲಾಡಿಸುವನು. ಮೂರೂರು ಕುಡಿಯುವ ನೀರನ್ನು ಆ ಕೈಯಲ್ಲಿ ತಿರುಗಿಸಿ, ಆ ನಾಲಿಗೆಗೆ ಒಂದು ಹನಿ ಮುಟ್ಟಿಸಿದವನಲ್ಲ.

ಅವನಿಗೆ ಅರವತ್ತು ತುಂಬಿದ ದಿನ ಹೊಸ ನೀರಗಂಟಿಯೊಬ್ಬಳು ಬಂದಳು; ಅವಳೂ ಆಚೆಯ ಹಳ್ಳಿಯವಳೇ. ಚಕ್ರಪ್ಪ ಅವಳಿಗೆ ಮೂರು ಚಕ್ರ ತೋರಿಸಿದ, ಪೈಪಿಗೆ ಕಿವಿ ಇಡಿಸಿದ, ಕೀಲಿ ಕೈ ಒಪ್ಪಿಸಿದ. ಆಮೇಲೆ ಏನೋ ಪಿಸುಗುಟ್ಟಿದ. ಅವಳು ನನ್ನ ಡ್ರಮ್ಮಿನ ಕಡೆ ಒಮ್ಮೆ ನೋಡಿ, "ಏನೂ ಕಾಣಿಸ್ತಾ ಇಲ್ಲವಲ್ಲಣ್ಣಾ" ಎಂದಳು. ಕೆಲಸಕ್ಕೆ ಸರಿಯಾದವಳು ಎಂದು ನನಗೆ ಸಮಾಧಾನವಾಯಿತು.

ಅವನು ಸೈಕಲ್ಲು ತಳ್ಳಿಕೊಂಡು ನನ್ನ ಗೇಟಿನ ತನಕ ಬಂದ. ಅವತ್ತಿನ ಗಂಟು ಮುಗಿಸಿ ನಾನು ಹೊಸಿಲಲ್ಲಿ ಕೂತಿದ್ದೆ. ಹೆಗಲಲ್ಲಿ ಬಾಟಲಿ ಇರಲಿಲ್ಲ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಬಂದು ಡ್ರಮ್ಮಿನ ಮೇಲೆ ಕೂತ. ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಕೆಲಸ ಬಿಟ್ಟು ಒಂದು ಗಂಟೆಯೂ ಆಗದ ಆ ಕೈಯನ್ನು ಯಾರದೋ ಕೈಯೆಂಬಂತೆ ನೋಡಿಕೊಂಡ. ಆಮೇಲೆ ನನ್ನ ಕಡೆ ತಿರುಗಿ ಒಂದು ಕಣ್ಣು ಮುಚ್ಚಿ ತೆಗೆದು ಕೇಳಿದ:

"ಅಕ್ಕಾ, ಒಂದು ಲೋಟ ಸೋರಿಕೆ ಕೊಡ್ತೀರಾ?"